ಬಾವಲಿಗಳ ಪಂಕ್ತಿ ಊಟ

ಗೊಲ್ಲಾಳಪ್ಪ ತಾನೇ ಜೋಡಿಸಿದ ಹೊಸ ಯಂತ್ರವನ್ನು ಹೊತ್ತು ತಂದು ತಂಗೆವ್ವನ ಬೇವಿನ ಮರದ ಬುಡದಲ್ಲಿಟ್ಟಾಗ ಅವನ ಎದೆ ಅವನಿಗಿಂತ ಒಂದು ಮಾರು ಮುಂದೆ ನಡೆಯುತ್ತಿತ್ತು. ಗಂಡ ತೀರಿದ ಮೇಲೆ ತಂಗೆವ್ವನಿಗೆ ಉಳಿದದ್ದು ಈ ಮೈದುನ ಮತ್ತು ಈ ಮರ. ಮೈದುನನಿಂದ ಉಪಯೋಗವಿರಲಿಲ್ಲ. ಮರದ ನೆರಳಲ್ಲಿ ಕೂತು ಕೌದಿ ಹೊಲಿದೇ ಅವಳ ಹೊಟ್ಟೆ ತುಂಬಬೇಕು. ತಗಡಿನ ಮನೆಯೊಳಗೆ ಹಗಲು ಕೂತರೆ ಮನುಷ್ಯರು ಹಪ್ಪಳವಾಗುತ್ತಿದ್ದರು.

ಊರಿನ ಸೊಳ್ಳೆಗಳು ಮಲಗಿದವರನ್ನು ಹಾಸಿಗೆ ಸಮೇತ ಹೊತ್ತೊಯ್ಯುವಂಥವು. ಹಾಳು ಕೋಟೆಯ ತುಂಬ ಬಾವಲಿಗಳಿದ್ದೂ ಹೀಗೇಕೆಂದು ಗೊಲ್ಲಾಳಪ್ಪ ಸಂಜೆಗಳೆಲ್ಲ ಕಾದು ನೋಡಿದ್ದ. ಸಣ್ಣ ಬಾವಲಿಗಳು ಮಾತ್ರ ಸೊಳ್ಳೆ ಹಿಡಿಯುತ್ತಿದ್ದವು. ದೊಡ್ಡವು ದುಂಬಿಗಳನ್ನು ಕಟುಕಟು ಅಗಿಯುತ್ತಿದ್ದವು. ಇರುಳು ಬೇಟೆಯಾಡುವ ನತ್ತಿಂಗ ಹಕ್ಕಿಗಳಿಗೋ ಪತಂಗವೇ ಆಗಬೇಕು. ಮದುವೆ ಮನೆಗಳಲ್ಲಿ ಬಡಿಸುತ್ತಲೇ ಮುದುಕನಾದ ಅವನಿಗೆ ಇದನ್ನು ಸಹಿಸಲಾಗಲಿಲ್ಲ.

“ಒಂದ ಪಂಗ್ತ್ಯಾಗ ಒಬ್ಬೊಬ್ಬರಿಗೆ ಒಂದೊಂದು ಬಡಸೂದು ಎಲ್ಯಾರ ಐತೇನ್ರಿ ವೈನಿ?” ಎಂದು ಗುಂಡಿ ಒತ್ತಿದ. ಯಂತ್ರ ಮನುಷ್ಯರಿಗೆ ಕೇಳಿಸದ ಕೂಗು ಹಾಕಿತು. ಅದನ್ನು ಕೇಳಿದ ಇರುಳು ಜೀವಗಳಿಗೆಲ್ಲ ಸೊಳ್ಳೆಯೇ ಹೋಳಿಗೆಯಂತೆ.

“ನಿಮ್ಮಣ್ಣಗ ರೊಟ್ಟಿ ಬೇಕು, ನಿನಗ ಅನ್ನ ಬೇಕು. ಒಬ್ಬಾಕಿ ಹಡದವರಿಗೇ ಒಂದ ಊಟ ಸೇರಲಿಲ್ಲಪ. ಆ ಬಾವಲಿಗೋಳನ್ನ ಯಾಕ ಕಾಡತಿ?” ಎಂದಳು ತಂಗೆವ್ವ.

ಒಂದೇ ವಾರದಲ್ಲಿ ಸೊಳ್ಳೆ ಸಂತತಿ ಮುಗಿಯಿತು. ಊರವರು ಗೊಲ್ಲಾಳಪ್ಪನಿಗೆ ಶಾಲು ಹೊದಿಸಿದರು. ಅದನ್ನು ಅವನು ಮಡಚಿಡುವ ಮೊದಲೇ ಸಣ್ಣ ಬಾವಲಿಗಳು ಹಸಿದು ಅಂಗಳದಲ್ಲಿ ಉದುರತೊಡಗಿದವು. ಬೆಳಿಗ್ಗೆ ತಂಗೆವ್ವ ಅವನ್ನು ಆರಿಸುವಳು. ಒಣಗಿದ ಎಲೆಯೂ ಅಷ್ಟು ಹಗುರವಲ್ಲ.

ಆಮೇಲೆ ಮೊದಲ ಮಳೆ ಬಿತ್ತು. ನೆಲದೊಳಗಿನ ದುಂಬಿಗಳೆಲ್ಲ ಎದ್ದವು. ತಿನ್ನುವವರಿಲ್ಲದೆ ಬೇವಿನ ಮೇಲೆ ಕೂತು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿ ತಿಂದವು. ಬೆಳಗಾದಾಗ ಮರ ಕಸಬರಿಗೆಯಾಗಿತ್ತು. ಬೋಳು ಕೊಂಬೆಗಳ ನಡುವಿನಿಂದ ಬಿಸಿಲು ನೇರ ಕೌದಿಯ ಮೇಲೆ ಬಿತ್ತು. ಸೂಜಿ ಹಿಡಿದರೆ ಕೈ ಸುಡುತ್ತಿತ್ತು. ತಂಗೆವ್ವ ಕೌದಿ ಎತ್ತಿಕೊಂಡು ತಗಡಿನ ಮನೆಯೊಳಗೆ ಹೋಗಿ ಕೂತಳು. ಗೊಲ್ಲಾಳಪ್ಪನಿಗೆ ಭಯವಾದದ್ದು ಅದಕ್ಕೇ.

ಸಂಜೆ ಅವನು ಒನಕೆಯಿಂದ ಯಂತ್ರವನ್ನು ಕುಟ್ಟಿ ಪುಡಿ ಮಾಡಿದ. ಆದರೂ ಸೊಳ್ಳೆಯ ರುಚಿ ಬಾವಲಿಗಳ ನಾಲಿಗೆ ಬಿಡಲಿಲ್ಲ. ಮೂಗಿನ ಮುಂದೆಯೇ ದುಂಬಿ ಹಾರಿದರೂ ಯಾರೂ ಮುಟ್ಟಲೊಲ್ಲರು. ಉಳಿದ ಬಾವಲಿಗಳು ಬೋಳು ಕೊಂಬೆಗೆ ಸಾಲಾಗಿ ನೇತುಬಿದ್ದವು. ಅವುಗಳ ಪಕ್ಕ ನತ್ತಿಂಗಗಳು ಸಾಲಾಗಿ ಕೂತವು. ಎಲ್ಲರ ಬಾಯಿ ಗೊಲ್ಲಾಳಪ್ಪನ ಕಡೆಗೆ ತೆರೆದಿತ್ತು.

ಅವನು ಕೈ ಬೀಸಿದ, ಕಲ್ಲು ಎಸೆದ, ಕೊನೆಗೆ ಕೈಮುಗಿದ. “ಏಳವಲ್ಲವು ವೈನಿ.”

ತಂಗೆವ್ವ ಎಲೆಯಿಲ್ಲದ ಮರವನ್ನು ನೋಡುತ್ತ ಕೌದಿ ಮಡಚಿದಳು.

“ಕಡೀಕ ಮಜ್ಜಿಗಿ ಬಡಸೀಯೇನು? ಅದು ಬರೂತನಾ ಪಂಗ್ತ್ಯಾಗಿಂದ ಯಾರ ಏಳತಾರ?”