ನಮ್ಮೂರಿಗೆ ಫೋನ್ ಮಾಡಿ ಸೋತ ಕಳ್ಳರು

ಕಳ್ಳರಿಗೂ ವಾರಕ್ಕೊಂದು ರಜೆ ಇರಬೇಕಿತ್ತು, ಆದರೆ ಇಲ್ಲ ಎಂದೇ ಕಾಣುತ್ತದೆ. ನಮ್ಮ ಗ್ರಾಹಕರಲ್ಲಿ ಯಾರಿಗಾದರೂ ಒಬ್ಬರಿಗೆ ಎಲ್ಲಿಂದಲೋ ಒಂದು ಫೋನ್ ಬರುತ್ತಲೇ ಇರುತ್ತದೆ, ಮರುದಿನ ಅವರು ಆ ಕಥೆಯನ್ನು ಹೊತ್ತುಕೊಂಡು ನನ್ನ ಕೌಂಟರಿಗೆ ಬರುತ್ತಾರೆ. ನಾನು ಕಾಪುವಿನ ಒಂದು ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತವಳು. ನಮ್ಮ ಜನ ಕಳ್ಳರನ್ನು ವಾಪಸ್ ಕಳಿಸುವ ರೀತಿ ನೋಡಿದರೆ ನನಗೆ ಸಣ್ಣ ಹೆಮ್ಮೆ ಅಲ್ಲ, ದೊಡ್ಡ ಹೆಮ್ಮೆಯೇ ಉಂಟು. ಜಂಬ ಅಂತ ಬೇಕಾದರೂ ಹೇಳಿ.

ಆದರೆ ಪ್ರತಿ ಸಲ ನಕ್ಕಾದ ಮೇಲೆ ನಾನು ಕಾರ್ಕಳದ ನನ್ನ ದೊಡ್ಡಮ್ಮನಿಗೆ ಫೋನ್ ಮಾಡುತ್ತೇನೆ. ದೊಡ್ಡಮ್ಮ ಕಾಪುವಿನ ಶಾಲೆಯಲ್ಲಿ ಟೀಚರ್ ಆಗಿದ್ದವರು. ಮದುವೆಯಾಗಲಿಲ್ಲ, ಜೀವಮಾನವಿಡೀ ಬಾಡಿಗೆ ಮನೆ. ಈಗ ಇರುವ ಮನೆಯನ್ನು ಅದರ ಮಾಲೀಕರು ದೊಡ್ಡಮ್ಮನಿಗೇ ಮಾರಲು ಒಪ್ಪಿದ್ದರು. ಅದಕ್ಕೆಂದೇ ಕೂಡಿಟ್ಟ ಡಿಪಾಸಿಟ್ ನಮ್ಮ ಬ್ರಾಂಚಿನಲ್ಲಿತ್ತು. ಅದು ಹೋದರೆ ಮನೆ ಹೋಯಿತು, ಮತ್ತೊಮ್ಮೆ ಕೂಡಿಡುವ ಪ್ರಾಯ ಅವರದ್ದಲ್ಲ.

"ಜಾಗ್ರತೆ ದೊಡ್ಡಮ್ಮ" ಎಂದರೆ, "ಮೂವತ್ತೈದು ವರ್ಷ ಮಕ್ಕಳ ಸುಳ್ಳು ಕೇಳಿದವಳು ನಾನು, ನನಗೆ ಯಾರು ಟೋಪಿ ಹಾಕುವುದು?" ಎನ್ನುತ್ತಿದ್ದರು. ಹೀಗೆ ಹೇಳುವವರ ಬಗ್ಗೆಯೇ ನನಗೆ ಹೆದರಿಕೆ.

೧. ನಾಳೆಯ ಮಲ್ಲಿಗೆ

ಶಂಕರಪುರದ ಒಬ್ಬರು ಮಲ್ಲಿಗೆ ಬೆಳೆಯುವ ಅಕ್ಕ ನಮ್ಮ ಹಳೆಯ ಗ್ರಾಹಕರು. ಅವರಿಗೆ ಒಬ್ಬ ಮಿಲಿಟರಿ ಮೇಜರ್ ಫೋನ್ ಮಾಡಿದನಂತೆ. ಫೋಟೋ ಕಳಿಸಿದ್ದಾನೆ, ಎದೆಯ ತುಂಬ ಪದಕ. ಮಣಿಪಾಲದಲ್ಲಿ ಆಫೀಸರ್ ಮಗಳ ಮದುವೆ, ನಾಳೆ ಎಂಬತ್ತು ಚೆಂಡು, ಎಂದರೆ ಇಪ್ಪತ್ತು ಅಟ್ಟೆ ಮಲ್ಲಿಗೆ ಬೇಕು, ಹಣ ಈಗಲೇ ಕೊಡುತ್ತೇನೆ, ಒಂದು ಕೋಡ್ ಕಳಿಸಿದ್ದೇನೆ ಸ್ಕ್ಯಾನ್ ಮಾಡಿ ಎಂದನಂತೆ.

"ಸ್ಕ್ಯಾನ್ ಮಾಡಿದಿರಾ?" ಎಂದು ನಾನು ಕೌಂಟರಿನಿಂದ ಎದ್ದೇ ನಿಂತೆ.

"ಎಂತ ಮರ್ಲಾ ನನಗೆ? ನಾನು ದರ ಎಷ್ಟೂಂತ ಕೇಳಿದೆ. ನೀವು ಹೇಳಿದಷ್ಟು ಅಂದ."

ಶಂಕರಪುರದ ಮಲ್ಲಿಗೆಗೆ ದಿನಕ್ಕೊಂದು ದರ. ಅದು ಆಯಾ ದಿನ ಹೂ ಮಾರುವ ಕಟ್ಟೆಯಲ್ಲಿ ಗೊತ್ತಾಗಬೇಕೇ ಹೊರತು ಹಿಂದಿನ ದಿನ ಬೆಳೆದವರಿಗೂ ಗೊತ್ತಿಲ್ಲ, ಕೊಳ್ಳುವವರಿಗೂ ಗೊತ್ತಿಲ್ಲ.

"ನಾಳೆಯ ಹೂವಿಗೆ ಇವತ್ತೇ ಹಣ ಕೊಡುವವನು ಒಂದೋ ಪೆದ್ದ, ಇಲ್ಲದಿದ್ದರೆ ಕಳ್ಳ" ಎಂದರು ಅಕ್ಕ. "ಪೆದ್ದನನ್ನು ಮಿಲಿಟರಿಯಲ್ಲಿ ಮೇಜರ್ ಮಾಡುವುದಿಲ್ಲ ಅಲ್ವಾ?"

೨. ಅಳಿಯನ ಸ್ವರ

ಮಲ್ಪೆಯಲ್ಲಿ ಐಸ್ ಪ್ಲಾಂಟ್ ಇಟ್ಟುಕೊಂಡ ಒಬ್ಬರ ತಂಗಿಯ ಮಗ ದುಬೈಯಲ್ಲಿದ್ದಾನೆ. ಒಂದು ದಿನ ಫೋನಿನಲ್ಲಿ ಅವನದ್ದೇ ಸ್ವರ: "ಮಾವ, ನಾನು ದೊಡ್ಡ ತೊಂದರೆಯಲ್ಲಿ ಸಿಕ್ಕಿದ್ದೇನೆ. ದಯವಿಟ್ಟು ಈಗಲೇ ಹಣ ಕಳುಹಿಸಿ. ಅಮ್ಮನಿಗೆ ತಿಳಿಸಬೇಡಿ." ಈಗ ಕಂಪ್ಯೂಟರಿನಲ್ಲಿ ಯಾರ ಸ್ವರ ಬೇಕಾದರೂ ಮಾಡುತ್ತಾರಲ್ಲ, ಹಾಗೆ ಮಾಡಿದ್ದು. ಅಚ್ಚುಕಟ್ಟಾದ ಕನ್ನಡ.

ಇವರು "ಫೋನ್ ಇಡು ಕಳ್ಳ" ಎಂದು ಬೈದು ಇಟ್ಟುಬಿಟ್ಟರಂತೆ.

"ಸ್ವರ ಅವನದ್ದೇ ಅಂತೀರಿ, ಮತ್ತೆ ಹೇಗೆ ಗೊತ್ತಾಯಿತು?" ಎಂದು ಕೇಳಿದೆ.

"ಮೇಡಂ, ಹುಟ್ಟಿದಾಗಿನಿಂದ ನಮ್ಮೊಳಗೆ ತುಳು. ಅವನು ನನ್ನ ಹತ್ತಿರ ಕನ್ನಡ ಮಾತನಾಡಬೇಕಾದರೆ ಎದುರಿಗೆ ಮೈಕ್ ಇರಬೇಕು!"

೩. ನನ್ನದೇ ಮರ್ಯಾದೆ

ಇದನ್ನು ಹೇಳುವುದೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಊರಿನವರದ್ದು ಹೇಳಿ ನನ್ನದು ಮುಚ್ಚಿಟ್ಟರೆ ಚಂದವಲ್ಲ.

ಮಣಿಪಾಲದ ಒಂದು ಕಾಲೇಜಿನವರು ಆನ್‌ಲೈನ್ ಮೋಸದ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಒಂದು ಗಂಟೆ ಮಾತನಾಡಿದೆ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ, ಓಟಿಪಿ ಹೆತ್ತ ತಾಯಿಗೂ ಹೇಳಬೇಡಿ ಎಂದೆಲ್ಲ ಮೇಜು ಕುಟ್ಟಿದೆ. ಶಾಲು ಹೊದೆಸಿದರು. ಆ ಶಾಲಿನ ಬಿಸಿ ಆರಿರಲಿಲ್ಲ, ಮರುದಿನ ಬ್ಯಾಂಕಿನಲ್ಲಿ ಕೂತಿರುವಾಗ ಮೊಬೈಲಿಗೆ ಮೆಸೇಜ್ ಬಂತು: "ನಿಮ್ಮ ವಿಳಾಸ ಅಪೂರ್ಣವಾಗಿದೆ. ಪಾರ್ಸೆಲ್ ತಡೆಹಿಡಿಯಲಾಗಿದೆ. ಐದು ರೂಪಾಯಿ ಕಟ್ಟಿ ಸರಿಪಡಿಸಿ."

ನಾನು ನಿಜವಾಗಿಯೂ ಮಿಕ್ಸಿಯ ಜಾರ್ ತರಿಸಿದ್ದೆ. ಚಟ್ನಿ ಇಲ್ಲದೆ ಮನೆಯಲ್ಲಿ ನಾಲ್ಕು ದಿನ ಆಗಿತ್ತು. ಲಿಂಕ್ ಒತ್ತಿದೆ, ಕಾರ್ಡಿನ ನಂಬರ್ ಹಾಕಿದೆ, ಓಟಿಪಿಯೂ ಬಂತು.

ಚಹಾ ತಂದ ನಮ್ಮ ಅಟೆಂಡರಣ್ಣ ನನ್ನ ಹೆಗಲ ಮೇಲಿಂದ ಇಣುಕಿ ಪಾರ್ಸೆಲಿನ ಮೆಸೇಜ್ ಓದಿದರು. "ಮೇಡಂ, ನಿಮ್ಮ ವಿಳಾಸ ಯಾವಾಗ ಪೂರ್ಣ ಇತ್ತು?"

"ಅಂದರೆ?"

"ನಮ್ಮ ಊರಿನಲ್ಲಿ ವಿಳಾಸ ನೋಡಿ ಯಾರಾದರೂ ಪಾರ್ಸೆಲ್ ತಂದದ್ದುಂಟಾ? ಅವನು ಬಸ್ ಸ್ಟಾಪಿನಲ್ಲಿ ನಿಂತು ಫೋನ್ ಮಾಡುತ್ತಾನೆ, ಅಕ್ಕ ಎಲ್ಲಿದ್ದೀರಿ ಅಂತ ಕೇಳುತ್ತಾನೆ. ನೀವು ಗೂಡಂಗಡಿಯಲ್ಲಿ ಕೊಟ್ಟು ಹೋಗು ಅನ್ನುತ್ತೀರಿ."

ಹೌದಲ್ಲ! ಫೋನನ್ನು ಮಗುಚಿಹಾಕಿ ಮೊದಲು ಕಾರ್ಡ್ ಬ್ಲಾಕ್ ಮಾಡಿದೆ. ಅಟೆಂಡರಣ್ಣ ಚಹಾ ಇಟ್ಟು ಮೆಲ್ಲಗೆ ಕೇಳಿದರು: "ಮೇಡಂ, ಆ ಶಾಲು ವಾಪಸ್ ಕೊಡಬೇಕಾಗುತ್ತದಾ?"

೪. ಕಾರ್ಕಳದ ಬಂಧನ

ನಾನೇ ಬೀಳುವವಳಿದ್ದೆ ಎಂದ ಮೇಲೆ ದೊಡ್ಡಮ್ಮನ ಚಿಂತೆ ಇನ್ನೂ ಹೆಚ್ಚಾಯಿತು. ಅದರ ಮೇಲೆ ಅವರ ಮೊಬೈಲಿಗೆ ಬ್ಯಾಂಕಿನ ಆ್ಯಪ್ ಹಾಕಿಕೊಟ್ಟವಳೂ ನಾನೇ.

ಮನೆಯ ರಿಜಿಸ್ಟ್ರಿಗೆ ಹತ್ತು ದಿನ ಇರುವಾಗ ಬ್ಯಾಂಕಿನ ಲ್ಯಾಂಡ್‌ಲೈನಿಗೆ ದೊಡ್ಡಮ್ಮನ ಫೋನ್. "ಮೇಡಂ, ಆ್ಯಪಿನಲ್ಲಿ ಡಿಪಾಸಿಟ್ ಮುರಿಯುವುದು ಹೇಗೆ?"

ದೊಡ್ಡಮ್ಮ ನನ್ನನ್ನು ಮಗಾ ಎಂದಲ್ಲದೆ ಬೇರೆ ಕರೆದವರೇ ಅಲ್ಲ. ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ! "ಸರ್ವರ್ ಡೌನ್ ಉಂಟು" ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಇಟ್ಟೆ. ಖಾತೆಗೆ ತಡೆ ಹಾಕಿಸಲು ಮ್ಯಾನೇಜರರು ಹೆಡ್ ಆಫೀಸಿಗೆ ಫೋನ್ ಹಿಡಿದು ಕೂತರು. ಅದು ಆಗುವವರೆಗೆ ಯಾರು ಕಾಯುತ್ತಾರೆ? ಅಟೆಂಡರಣ್ಣನ ಸ್ಕೂಟರ್ ಹತ್ತಿದೆ. ಶಿರ್ವ, ಬೆಳ್ಮಣ್ ಯಾವಾಗ ದಾಟಿತೋ ಗೊತ್ತಿಲ್ಲ, ದಾರಿಯುದ್ದಕ್ಕೂ ಗೊತ್ತಿರುವ ದೈವ ದೇವರಿಗೆಲ್ಲ ಹರಕೆ ಹೇಳಿಕೊಂಡೆ.

ಅಡುಗೆಮನೆಯ ಬಾಗಿಲಿನಿಂದ ಒಳಗೆ ಓಡಿದೆ. ಊಟದ ಮೇಜಿನ ಮೇಲೆ ನೀರಿನ ಚೊಂಬಿಗೆ ಒರಗಿಸಿಟ್ಟ ಮೊಬೈಲ್, ಎದುರಿಗೆ ಕನ್ನಡಕ ಏರಿಸಿ ಕೂತ ದೊಡ್ಡಮ್ಮ. ನನ್ನನ್ನು ಕಂಡದ್ದೇ ಅಂಗೈ ತೋರಿಸಿ ನಿಲ್ಲಿಸಿದರು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ನನ್ನತ್ತ ತಳ್ಳಿದರು: "ಹಣ ಹೋಗಲಿಲ್ಲ. ಕೂತುಕೋ."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಸ್ವರ ಬಾರದ ಹಾಗೆ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತೆ.

ನಡೆದದ್ದು ಹೀಗೆ. ಬೆಳಿಗ್ಗೆ ವಿಡಿಯೋ ಕಾಲಿನಲ್ಲಿ ಖಾಕಿ ಹಾಕಿದವನೊಬ್ಬ ಹಿಂದಿಯಲ್ಲಿ ಗದರಿಸಿದ್ದಾನೆ: ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್, ಕ್ಯಾಮೆರಾದ ಎದುರಿನಿಂದ ಏಳಬಾರದು, ಯಾರಿಗೂ ಹೇಳಬಾರದು. ದೊಡ್ಡಮ್ಮ ನಿಜಕ್ಕೂ ಹೆದರಿದ್ದರು. ಡಿಪಾಸಿಟ್ ಮುರಿದು ಹಣ ಕಳಿಸಿದರೆ ಬಿಡುತ್ತೇವೆ ಎಂದಾಗ, ಅವರ ಕಣ್ಣೆದುರೇ ಮನೆಯ ಲ್ಯಾಂಡ್‌ಲೈನಿನಿಂದ, ಗುರುತಿನವಳೆಂದು ತಿಳಿಯದಂತೆ ಮೇಡಂ ಎಂದು ಕರೆದು ಮಾಡಿದ್ದು ಆ ಫೋನ್. ಸರ್ವರ್ ಸರಿಯಾಗಲಿ ಎಂದು ಕಾಯುವಾಗ ಕನ್ನಡ ಬರುವ ಇನ್ನೊಬ್ಬ ಖಾಕಿಯವನು ಬಂದು, ನಂಬಿಕೆ ಬರಲಿ ಎಂದು, "ಅಮ್ಮಾ, ನಾನೂ ನಿಮ್ಮ ಉಡುಪಿ ಕಡೆಯವನೇ, ಶೆಟ್ಟಿ" ಎಂದ.

ಅಲ್ಲಿ ಕೆಟ್ಟ. ನಮ್ಮವರು ಎಂದವನನ್ನು ನಮ್ಮ ಕಡೆಯ ಹೆಂಗಸರು ಸುಮ್ಮನೆ ಬಿಡುತ್ತಾರಾ? ಅರೆಸ್ಟ್ ಆಗಿದ್ದರೂ ಕೇಳಲೇಬೇಕು. "ಹೌದಾ? ಯಾವ ಮನೆ? ಬರಿ ಯಾವುದು?" ಎಂದು ದೊಡ್ಡಮ್ಮ ಕೇಳಿದರು.

ಬರಿ ಎಂದರೆ ಗೋತ್ರದ ಹಾಗೆ. ಅವನು ಎರಡು ನಿಮಿಷ ಸ್ವರ ಬಂದ್ ಮಾಡಿ, ಎಲ್ಲಿಯೋ ಹುಡುಕಿ, ಒಂದು ಬರಿಯ ಹೆಸರು ಹೇಳಿದ. ಜೊತೆಗೆ, "ತಂದೆಯದ್ದೇ ನನ್ನದು" ಎಂದೂ ಸೇರಿಸಿದ.

ತುಳುನಾಡಿನಲ್ಲಿ ಬರಿ ಬರುವುದು ತಾಯಿಯಿಂದ. ತೊಟ್ಟಿಲ ಮಗುವಿಗೂ ಗೊತ್ತು.

ಆ ಕ್ಷಣಕ್ಕೆ ದೊಡ್ಡಮ್ಮನ ಹೆದರಿಕೆ ಇಳಿದು ಟೀಚರ್ ಎದ್ದುನಿಂತರು. "ಹಣ ಕಳಿಸುತ್ತೇನೆ, ಆದರೆ ಕೇಳಿದ್ದಕ್ಕೆ ಸರಿ ಉತ್ತರ ಬೇಕು" ಎಂದರು. ಹಣದಾಸೆಗೆ ಅವನೂ ಒಪ್ಪಿದ. ನಾನು ಮುಟ್ಟುವಾಗ ಅದು ಶುರುವಾಗಿ ಮುಕ್ಕಾಲು ಗಂಟೆಯಾಗಿತ್ತು. ಕಣ್ಣೊರೆಸಿ ನೋಡುತ್ತೇನೆ, ಪರದೆಯಲ್ಲಿ ಖಾಕಿಯವನು ಎದ್ದು ಕೈ ಕಟ್ಟಿ ನಿಂತಿದ್ದಾನೆ!

"ಮೇಲಿನ ಗುಂಡಿ ಹಾಕು" ಎಂದರು ದೊಡ್ಡಮ್ಮ. ಹಾಕಿದ. "ಹಿಂದೆ ಕೂತು ನಗುವವನು ಯಾರು? ಅವನನ್ನೂ ನಿಲ್ಲಿಸು." ಅವನೂ ನಿಂತ. "ಎಷ್ಟನೇ ಕ್ಲಾಸಿಗೆ ಶಾಲೆ ಬಿಟ್ಟದ್ದು?"

"ಒಂಬತ್ತು."

"ಕಾಣುತ್ತದೆ."

ಅವನ ಮುಖದಲ್ಲಿ ಬೆವರು. ಕಾಲ್ ಕಟ್ ಮಾಡುವ ಬಟನ್ ಅವನ ಕೈಯಲ್ಲೇ ಇತ್ತು, ಆದರೆ ಅದು ಅವನಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. ಕೊನೆಗೆ ಅಳುವ ಸ್ವರದಲ್ಲಿ, "ಟೀಚರ್, ನಿಮ್ಮ ಹಣ ಬೇಡ. ನಮ್ಮನ್ನು ಬಿಟ್ಟುಬಿಡಿ" ಎಂದ.

ಅರೆಸ್ಟ್ ಮಾಡಿದವರೇ ಬಿಡುಗಡೆ ಕೇಳಿದ್ದನ್ನು ನಾನು ಕಣ್ಣಾರೆ ಕಂಡೆ. ಸೈಬರ್ ಪೊಲೀಸರಿಗೆ ದೂರು ಕೊಟ್ಟದ್ದು, ಹತ್ತನೇ ದಿನ ದೊಡ್ಡಮ್ಮ ತಮ್ಮ ಹೆಸರಿನ ಮನೆಯ ಪತ್ರಕ್ಕೆ ಸಹಿ ಹಾಕಿದ್ದು ಎಲ್ಲ ಆಮೇಲಿನ ಮಾತು. ಆ ಹೊತ್ತಿನಲ್ಲಿ ದೊಡ್ಡಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೋಗು. ನಾಳೆ ಬರುವಾಗ ತಾಯಿಯನ್ನು ಕರೆದುಕೊಂಡು ಬಾ."