ಯಾರು ಸ್ಥಿತಿವಂತರು ಎಂದು ಕೇಳಲು ಹೋದವಳು

ಬೇರೆಯವರ ಮನೆಗೆ ಹೋಗಿ ಸಂಬಳ ಎಷ್ಟು ಎಂದು ಕೇಳುವುದೇ ಕೆಲಸವಾದವರಿಗೆ ದಿನಕ್ಕೊಂದು ಪ್ರಸಂಗ ನಡೆಯಲಿಲ್ಲ ಎಂದರೆ ಅವತ್ತು ರಜೆ ಎಂದೇ ಅರ್ಥ. ನಮ್ಮ ಅರಸೀಕೆರೆ ಕಡೆ ಈ ಪ್ರಶ್ನೆಯನ್ನು ರೈಲಿನಲ್ಲಿ ಎದುರು ಸೀಟಿನವರು ಪುಕ್ಕಟೆಯಾಗಿ ಕೇಳುತ್ತಾರೆ. ಸಿಡ್ನಿಯಲ್ಲಿ ಅದಕ್ಕೊಂದು ಫಾರಂ, ಒಂದು ಐಡಿ ಕಾರ್ಡು, ಕೊರಳಿಗೊಂದು ದಾರ ಕೊಟ್ಟು ನನ್ನನ್ನು ಕೆಲಸಕ್ಕೆ ಇಟ್ಟುಕೊಂಡರು.

ಕೆಲಸ ಇಷ್ಟೇ. ಇಂಡೋನೇಷ್ಯಾದಿಂದ ಬಂದು ನೆಲೆಸಿದವರ ಇಪ್ಪತ್ತು ಮನೆ, ಮಲೇಷ್ಯಾದಿಂದ ಬಂದವರ ಇಪ್ಪತ್ತು ಮನೆ. ಸಿಡ್ನಿ, ಮೆಲ್ಬರ್ನ್ ಎರಡೂ ಕಡೆ ತಿರುಗಿ ಯಾರ ಆರ್ಥಿಕ ಸ್ಥಿತಿ ಹೇಗಿದೆ ಎಂದು ಹೋಲಿಸಲು ಫಾರಂ ತುಂಬಿಸಿ ತರಬೇಕು. ಮೂರು ತಿಂಗಳ ಕಾಂಟ್ರ್ಯಾಕ್ಟ್. ನಲವತ್ತು ಫಾರಂ ಬಂದರೆ ಎರಡು ವರ್ಷ ಮುಂದುವರಿಸುತ್ತೇನೆ, ಬಾರದಿದ್ದರೆ ಇಲ್ಲ ಎಂದು ನನ್ನನ್ನು ಈ ಸರ್ವೆಗೆ ತೆಗೆದುಕೊಂಡ ಯೂನಿವರ್ಸಿಟಿಯ ಪ್ರೊಫೆಸರ್ ಮೊದಲ ದಿನವೇ ಹೇಳಿದ್ದರು. ಅದಕ್ಕೂ ಮೊದಲು ನನಗೆ ಒಂದು ವರ್ಷ ಕೆಲಸವೇ ಇರಲಿಲ್ಲ. ಗಂಡ, ಮನೆ, ಮನೆಯ ಮಾರ್ಟ್‌ಗೇಜ್ ಮೂರೂ ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ; ನಾನು ಮಾತ್ರ ಸಿಡ್ನಿಯ ಹ್ಯಾರಿಸ್ ಪಾರ್ಕಿನಲ್ಲಿ ಒಂದು ರೂಮಿನ ಯೂನಿಟ್ ಹಿಡಿದಿದ್ದೆ. ಈ ಕೆಲಸವೂ ಹೋದರೆ ಮನೆ ಮಾರುವುದೇ ಗತಿ ಎಂದು ಗಂಡ ಬಾಯಿಬಿಟ್ಟು ಹೇಳಿರಲಿಲ್ಲ. ದಿನಾ ಸಂಜೆ ಫೋನ್ ಮಾಡಿ, ಊಟ ಆಯ್ತಾ ಎಂದು ಕೇಳುವ ಮೊದಲು "ಎಷ್ಟು ಫಾರಂ ಆಯ್ತು?" ಎಂದು ಕೇಳುತ್ತಿದ್ದ, ಅಷ್ಟೇ.

೧. ಓನರ್ ಬಹಳ ಸ್ಟ್ರಿಕ್ಟ್

ಮೆಲ್ಬರ್ನಿನ ಬಾಕ್ಸ್ ಹಿಲ್‌ನಲ್ಲಿ ನನಗೆ ಸಿಕ್ಕ ಮೊದಲ ಮಲೇಷ್ಯಾದ ಅಂಕಲ್ ಬಾಗಿಲು ತೆಗೆದ ತಕ್ಷಣ ಕಷ್ಟ ಹೇಳಲು ಶುರುಮಾಡಿದರು. ಸೊಪ್ಪಿನ ರೇಟು, ಕರೆಂಟ್ ಬಿಲ್ಲು, ಮಂಡಿನೋವು ಎಲ್ಲ ಮುಗಿಯುವವರೆಗೆ ನಾನು ಪೆನ್ನು ಹಿಡಿದು ಕಾದೆ. ಆಮೇಲೆ ಮನೆ ಸ್ವಂತದ್ದೋ ಬಾಡಿಗೆಯದೋ ಎಂದು ಕೇಳಿದೆ.

ಬಾಡಿಗೆ ಎಂದರು. ಓನರ್ ಬಹಳ ಸ್ಟ್ರಿಕ್ಟಂತೆ. ರೆಂಟು ಒಂದು ದಿನ ತಡವಾದರೂ ಸುಮ್ಮನಿರುವುದಿಲ್ಲವಂತೆ. ರಿಪೇರಿಯನ್ನಾದರೂ ಮಾಡಿಸುತ್ತಾರಾ ಎಂದು ಕೇಳಿದರೆ, ಅದನ್ನೂ ನನ್ನ ಕೈಯಲ್ಲೇ ಮಾಡಿಸುತ್ತಾರೆ ಎಂದು ನಿಟ್ಟುಸಿರು ಬಿಟ್ಟರು. ನನಗೆ ಕರುಳು ಚುರ್ ಅಂದಿತು. ಈ ವಯಸ್ಸಿನಲ್ಲಿ ಇವರಿಗೆ ಎಂಥ ಓನರ್ ಗಂಟುಬಿದ್ದಿದ್ದಾರೆ ಎಂದು ಮನಸ್ಸಿನಲ್ಲೇ ಬೈದುಕೊಂಡು, ಫಾರಂನ ಬದಿಯಲ್ಲಿ "ತುಂಬಾ ತೊಂದರೆಯಲ್ಲಿದ್ದಾರೆ" ಎಂದು ಬರೆದುಕೊಂಡೆ.

ಅಷ್ಟರಲ್ಲಿ ಅವರ ಹೆಂಡತಿ ಟೀ ತಂದಿಟ್ಟರು. ಅಂಕಲ್ ದನಿ ತಗ್ಗಿಸಿ, "ಇವರೇ ಓನರ್" ಎಂದರು.

ಆಂಟಿ ನಿಧಾನವಾಗಿ ವಿವರಿಸಿದರು. ಈ ಮನೆಯೂ ಪಕ್ಕದ ಎರಡು ಮನೆಗಳೂ ಅವರ ಹೆಸರಿನಲ್ಲಿವೆ. ಗಂಡನ ಕೈಯಲ್ಲಿ ದುಡ್ಡು ಉಳಿದರೆ ಹೊಸ ಹೊಸ ಗಾಳ ಕೊಂಡು ಮೀನು ಹಿಡಿಯಲು ಹೋಗುತ್ತಾರೆ, ಅದಕ್ಕೆ ಬಾಡಿಗೆ ವಸೂಲು ಮಾಡುವುದು. ಹಾಗಾದರೆ ಸ್ವಂತ ಮನೆ ಎಂದು ಬರೆಯಲೋ, ಬಾಡಿಗೆ ಎಂದು ಬರೆಯಲೋ ಎಂದು ನಾನು ಗೊಂದಲದಲ್ಲಿ ಕೇಳಿದೆ.

"ನನ್ನದು ಬರೆದುಕೋ," ಎಂದರು ಆಂಟಿ. "ಟೆನೆಂಟ್ ಮಾತಾಡಬೇಕಾದರೆ ಓನರ್ ಪರ್ಮಿಷನ್ ಬೇಕು."

೨. ಇನ್ನೂ ಇಲ್ಲ

ಇಂಡೋನೇಷ್ಯಾದವರಿಗೆ ಎದುರಿಗಿದ್ದವರ ಮುಖಕ್ಕೆ ಹೊಡೆದಂತೆ "ಇಲ್ಲ" ಎನ್ನುವುದು ಸಂಕೋಚ. ಅದು ಅವರ ಮರ್ಯಾದೆ. ಮುಂದೆ ಆಗುವ ಲಕ್ಷಣವೇ ಇಲ್ಲದಿದ್ದರೂ "ಇನ್ನೂ ಇಲ್ಲ" ಎನ್ನುತ್ತಾರೆ. ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ.

ಸಿಡ್ನಿಯಲ್ಲಿ ಒಬ್ಬ ಅಜ್ಜ ಸಿಕ್ಕರು, ಎಂಬತ್ತರ ಹತ್ತಿರ ವಯಸ್ಸು. ಸ್ವಂತ ಮನೆ ಇದೆಯಾ ಎಂದೆ. ಇನ್ನೂ ಇಲ್ಲ ಎಂದರು. ಕಾರು? ಇನ್ನೂ ಇಲ್ಲ. ಸ್ವಂತ ವ್ಯಾಪಾರ? ಇನ್ನೂ ಇಲ್ಲ. ಮದುವೆ? ಅಜ್ಜ ಸ್ವಲ್ಪ ನಾಚಿಕೊಂಡು, ಅದೂ ಇನ್ನೂ ಇಲ್ಲ ಎಂದರು. ನನ್ನ ಫಾರಂನಲ್ಲಿದ್ದದ್ದು ಹೌದು, ಇಲ್ಲ ಎಂಬ ಎರಡೇ ಚೌಕ. ಇಷ್ಟು ಭರವಸೆಯ ಮನುಷ್ಯನನ್ನು "ಇಲ್ಲ" ಎಂಬ ಚೌಕಕ್ಕೆ ತಳ್ಳಲು ನನಗೆ ಮನಸ್ಸು ಬರಲಿಲ್ಲ. ಮೂರನೇ ಚೌಕವೊಂದನ್ನು ಕೈಯಲ್ಲೇ ಎಳೆದು "ಇನ್ನೂ ಇಲ್ಲ" ಎಂದು ಬರೆದೆ. ಆ ಚೌಕ ಯಾರು ಹಾಕಿದ್ದು ಎಂದು ಪ್ರೊಫೆಸರ್ ಆಮೇಲೆ ಉದ್ದನೆಯ ಈಮೇಲ್ ಕಳಿಸಿದರು.

ಕೊನೆಯ ಪ್ರಶ್ನೆ: ಈ ಸರ್ವೆಯಿಂದ ನಿಮಗೆ ಏನಾದರೂ ಬೇಸರವಾಯಿತೇ? ಅಜ್ಜ ಯೋಚಿಸಿ, ನಗುತ್ತಾ ಹೇಳಿದರು: ಇನ್ನೂ ಇಲ್ಲ.

೩. ಊಟ ಬಿಟ್ಟ ದಿನಗಳು

ಹದಿನೇಳನೇ ಪ್ರಶ್ನೆ ಹೀಗಿತ್ತು: ಕಳೆದ ಒಂದು ತಿಂಗಳಲ್ಲಿ ಹಣವಿಲ್ಲದೆ ನಿಮ್ಮ ಮನೆಯಲ್ಲಿ ಯಾರಾದರೂ ಊಟ ಬಿಟ್ಟದ್ದುಂಟೇ? ಈ ಪ್ರಶ್ನೆಯನ್ನು ನಾನು ಎಲ್ಲ ಮನೆಗಳಲ್ಲೂ ಬಾಯಿತುಂಬ ಊಟ ಇಟ್ಟುಕೊಂಡೇ ಕೇಳಿದ್ದೇನೆ. ಊಟ ಬೇಡ ಎಂದರೆ ಮುಖ ಸಪ್ಪೆಯಾಗುತ್ತಿತ್ತು, ಮುಖ ಸಪ್ಪೆಯಾದರೆ ಸಹಿ ಸಿಗುತ್ತಿರಲಿಲ್ಲ. ನಾನು ವೆಜಿಟೇರಿಯನ್ ಎಂದಾಗ ಒಬ್ಬ ಆಂಟಿ ಬಹಳ ಸಂತೋಷದಿಂದ ತರಕಾರಿ ಪಲ್ಯ ತಂದಿಟ್ಟರು. ಸಿಗಡಿ ಹಾಕಿಲ್ಲ ತಾನೇ ಎಂದು ಕೇಳಿದೆ. ಹಾಕಿದ್ದೇನೆ, ಆದರೆ ಚೆನ್ನಾಗಿ ಅರೆದುಬಿಟ್ಟಿದ್ದೇನೆ, ಕಾಣಿಸುವುದಿಲ್ಲ ಎಂದು ಸಮಾಧಾನ ಹೇಳಿದರು.

ಊಟ ಬಡಿಸುತ್ತಲೇ ಎಲ್ಲರೂ ಹೋಲಿಕೆಯ ಕೆಲಸವನ್ನೂ ಮಾಡಿ ಮುಗಿಸುತ್ತಿದ್ದರು. ಮಲೇಷ್ಯಾದವರನ್ನು ಕೇಳಿದರೆ, ನಾವೇನು ಮಹಾ, ಸ್ಥಿತಿವಂತರು ಇಂಡೋನೇಷ್ಯಾದವರು. ಮಗ ಯಾವ ಕೋರ್ಸ್ ಎಂದು ಗೊತ್ತಾಗುವ ಮೊದಲೇ ಅವನಿಗೆ ಅಪಾರ್ಟ್‌ಮೆಂಟ್ ಕೊಂಡಿರುತ್ತಾರೆ ಎನ್ನುತ್ತಿದ್ದರು. ಇಂಡೋನೇಷ್ಯಾದವರನ್ನು ಕೇಳಿದರೆ, ನಾವು ನಿನ್ನೆ ಮೊನ್ನೆ ಬಂದವರು, ಮಲೇಷ್ಯಾದವರು ಮನೆಗಳು ಅಗ್ಗವಾಗಿದ್ದಾಗಲೇ ಬಂದು ಕೂತವರು ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು. ನಮ್ಮ ಕನ್ನಡದವರನ್ನು ಯಾರಾದರೂ ಹೀಗೆ ಕೇಳಿದರೆ ನಾವೂ ತಡಮಾಡದೆ ತೆಲುಗಿನವರ ಕಡೆ ಕೈ ತೋರಿಸುತ್ತೇವೆ.

ಎರಡು ತಿಂಗಳಾದ ಮೇಲೆ ಮೆಲ್ಬರ್ನ್ ಏರ್‌ಪೋರ್ಟಿಗೆ ಕರೆದುಕೊಂಡು ಹೋಗಲು ಬಂದ ಗಂಡ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಬಡತನದ ಸರ್ವೆ ಮಾಡಿ ದಪ್ಪ ಆದೋಳು ನೀನೊಬ್ಳೇ ಇರ್ಬೇಕು ಕಣೆ," ಎಂದ.

೪. ಹೆಸರು ಬಂದದ್ದು

ಮಲೇಷ್ಯಾದ ಇಪ್ಪತ್ತೂ ಮುಗಿಯಿತು. ಇಂಡೋನೇಷ್ಯಾದ್ದು ಹನ್ನೆರಡಕ್ಕೆ ನಿಂತಿತು. ಫೋನ್ ಮಾಡಿದರೆ ಎಲ್ಲರೂ ಬಾ ಬಾ ಎನ್ನುತ್ತಿದ್ದರು, ಯಾವತ್ತು ಎಂದು ಮಾತ್ರ ಹೇಳುತ್ತಿರಲಿಲ್ಲ. ಆಗ ಸಿಡ್ನಿಯ ಕಿಂಗ್ಸ್‌ಫೋರ್ಡಿನ ಒಬ್ಬ ಹಿರಿಯ ಹೆಂಗಸು ದಾರಿ ತೋರಿಸಿದರು. ಅವರನ್ನು ಎಲ್ಲರೂ ಇಬು ಎನ್ನುತ್ತಿದ್ದರು; ಅವರ ಮಾತಿನಲ್ಲಿ ಇಬು ಅಂದರೆ ಅಮ್ಮ. ತಿಂಗಳಿಗೊಮ್ಮೆ ನಾವೆಲ್ಲ ಅರಿಸಾನ್‌ಗೆ ಸೇರುತ್ತೇವೆ, ಅಲ್ಲಿಗೆ ಬಾ, ಎಲ್ಲರೂ ಒಟ್ಟಿಗೇ ಸಿಗುತ್ತಾರೆ ಎಂದರು.

ಅರಿಸಾನ್ ಎಂದರೆ ಏನು ಎಂದು ವಿಚಾರಿಸಿದರೆ, ಅದು ನಮ್ಮ ಚೀಟಿಯೇ. ಎಲ್ಲರೂ ಸಮನಾಗಿ ದುಡ್ಡು ಹಾಕುವುದು, ಹೆಸರುಗಳನ್ನು ಸುರುಳಿ ಸುತ್ತಿ ಡಬ್ಬಿಯಲ್ಲಿ ಕುಲುಕಿ ಒಂದು ಎತ್ತುವುದು, ಬಂದವರಿಗೆ ದುಡ್ಡು. ನಮ್ಮೂರಿನ ಚೀಟಿಗೆ ಜನ ಮುಖ ಬಿಗಿದುಕೊಂಡು ಬರುತ್ತಿದ್ದರು, ಇಲ್ಲಿ ತಿಂಡಿ ಕಟ್ಟಿಕೊಂಡು ಬರುತ್ತಾರೆ, ಅಷ್ಟೇ ವ್ಯತ್ಯಾಸ. ಪ್ರೊಫೆಸರಿಗೆ ಇದು ಅರ್ಥವೇ ಆಗಲಿಲ್ಲ. ಅಗ್ರಿಮೆಂಟ್ ಇಲ್ಲ, ಸಹಿ ಇಲ್ಲ, ದುಡ್ಡು ತಗೊಂಡವರು ಓಡಿ ಹೋದರೆ ಏನು ಗತಿ ಎಂದು ಕೇಳಲು ಹೇಳಿದರು. ಕೇಳಿದೆ. ಇಬುಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಓಡಿ ಹೋದರೆ ಅವಳ ಮಗಳ ಮದುವೆಗೆ ಯಾರು ಬರುತ್ತಾರೆ?" ಎಂದರು.

ಹೊರಗಿನವರು ಸುಮ್ಮನೆ ಕೂತು ನೋಡುವ ಹಾಗಿರಲಿಲ್ಲ, ಹಾಗಾಗಿ ನಾನೂ ಸೇರಿದೆ. ಮೊದಲ ದಿನವೇ ಡಬ್ಬಿಯಿಂದ ನನ್ನ ಹೆಸರು ಬಂತು. ಆ ತಿಂಗಳ ಮಾರ್ಟ್‌ಗೇಜ್ ದೇವರೇ ಕಟ್ಟಿದ ಎಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿ ನನ್ನನ್ನು ತಬ್ಬಿಕೊಂಡರು. ಫಾರಂ ತೆಗೆದರೆ, ಇವತ್ತು ಊಟ, ಮುಂದಿನ ಸಲ ಖಂಡಿತ ಎಂದು ಮುಚ್ಚಿಸಿದರು. ಮುಂದಿನ ಸಲ ಎಲ್ಲಿ ಎಂದು ಕೇಳಿದೆ.

ಇಬು ನನ್ನ ಗಲ್ಲ ಹಿಡಿದು ಹೇಳಿದರು: ಹೆಸರು ಬಂದವರ ಮನೆಯಲ್ಲೇ.

೫. ನಮ್ಮವಳೇ ಒಬ್ಬಳು

ಮುಂದಿನ ಅರಿಸಾನ್ ಶನಿವಾರ, ನನ್ನ ಕಾಂಟ್ರ್ಯಾಕ್ಟ್ ಮುಗಿಯುವುದು ಸೋಮವಾರ. ಬೇಕಾಗಿದ್ದದ್ದು ಎಂಟು ಫಾರಂ. ನನ್ನ ಯೂನಿಟ್ಟಿನಲ್ಲಿದ್ದದ್ದು ಒಂದು ಹಾಸಿಗೆ, ಒಂದು ಕುರ್ಚಿ, ಮೇಜಿನ ಕೆಲಸ ಮಾಡುವ ಒಂದು ಸೂಟ್‌ಕೇಸು. ಇದನ್ನು ನೋಡಿ ಆ ಹೆಂಗಸರು ಏನೆಂದುಕೊಳ್ಳುತ್ತಾರೋ ಎಂದು ವಾರವಿಡೀ ಅದೇ ಯೋಚನೆ. ಎದುರು ಮನೆಯ ಪಂಜಾಬಿ ಆಂಟಿಯ ಹತ್ತಿರ ನನ್ನ ಹರಕು ಹಿಂದಿಯಲ್ಲಿ ಜಮಖಾನ ಕೇಳಿ ತಂದೆ. ಬಿಸಿಬೇಳೆ ಬಾತ್, ಕೋಸಂಬರಿ, ಕಾಯಿ ಹೋಳಿಗೆ ಮಾಡಿದೆ. ಸೂಟ್‌ಕೇಸಿನ ಮೇಲೆ ಮದುವೆಯ ರೇಷ್ಮೆ ಸೀರೆ ಹೊದಿಸಿದೆ.

ಹದಿನಾರು ಜನ ಬಂದರು. ಚಪ್ಪಲಿಗಳು ಲಿಫ್ಟಿನವರೆಗೂ ಹೋದವು. ಕಾಯಿ ಹೋಳಿಗೆಯನ್ನು ಎರಡೆರಡು ಸಲ ಹಾಕಿಸಿಕೊಂಡರು, ತೆಂಗಿನಕಾಯಿ ಹದವಾಗಿ ತುರಿದಿದ್ದೀಯ ಎಂದರು, ಅರಸೀಕೆರೆಯವಳಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಬೇಕಿರಲಿಲ್ಲ. ಇಬು ಮಾತ್ರ ಹೆಚ್ಚು ಮಾತಾಡಲಿಲ್ಲ. ಎದ್ದು ರೂಮಿಗೆ ಹೋಗಿ ನೋಡಿದರು. ಫ್ರಿಜ್ ತೆಗೆದು ನೋಡಿದರು. ಸೀರೆಯ ಅಂಚು ಎತ್ತಿ ಅಡಿಯಲ್ಲಿ ಏನಿದೆ ಎಂದೂ ನೋಡಿದರು. ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಒರೆಸುತ್ತಾ, ಗಂಡ ಯಾಕೆ ಮೆಲ್ಬರ್ನಿನಲ್ಲಿದ್ದಾನೆ, ಸಂಬಳ ಎಷ್ಟು, ಕೆಲಸ ಪರ್ಮನೆಂಟಾ ಎಂದು ಒಂದೊಂದೇ ಕೇಳಿದರು. ಅಮ್ಮನ ವಯಸ್ಸಿನವರು ಕೇಳಿದಾಗ ಮುಚ್ಚಿಡಲಾಗಲಿಲ್ಲ, ಎಲ್ಲ ಹೇಳಿಕೊಂಡೆ. ಸೋಮವಾರದ ವಿಷಯವನ್ನೂ ಹೇಳಿದೆ.

ಇಬು ಒಳಗೆ ಹೋಗಿ ಕೈ ತಟ್ಟಿದರು. ಅರ್ಧ ಗಂಟೆಯಲ್ಲಿ ಏಳು ಫಾರಂ ತುಂಬಿ ಬಂತು. ಉಳಿದವರು ಮೊದಲೇ ಕೊಟ್ಟಿದ್ದವರು. ಎಂಟನೆಯವಳು ಮದುವೆಗೆಂದು ಜಕಾರ್ತಾಕ್ಕೆ ಹೋಗಿದ್ದಳು, ಬರುವುದು ಇನ್ನೊಂದು ವಾರಕ್ಕೆ. ನನ್ನ ಮುಖ ಬಾಡಿದ್ದು ಇಬುಗೆ ಕಂಡಿರಬೇಕು.

"ಒಂದು ಖಾಲಿ ಫಾರಂ ಕೊಡು," ಎಂದರು ಇಬು. "ನಮ್ಮವಳೇ ಒಬ್ಬಳಿದ್ದಾಳೆ. ಅವಳ ಸ್ಥಿತಿ ನನಗೆ ಚೆನ್ನಾಗಿ ಗೊತ್ತು, ನಾನೇ ಬರೆಯುತ್ತೇನೆ."

ಫಾರಂನಲ್ಲಿ ಹೆಸರು ಬರೆಯುವಂತಿರಲಿಲ್ಲ, ನಂಬರ್ ಅಷ್ಟೇ. ಯಾರೋ ತಂಗಿಯದೋ ನಾದಿನಿಯದೋ ಇರಬೇಕೆಂದು ನಾನು ತೆರೆದೂ ನೋಡದೆ ಕವರಿಗೆ ಸೇರಿಸಿ, ಪ್ರೊಫೆಸರಿಗೆ ತಲುಪಿಸಿದೆ. ಆ ರಾತ್ರಿ ಗಂಡನಿಗೆ ನಲವತ್ತು ಎಂದು ಹೇಳಿದಾಗ ಅವನು ಒಡೆದ ದನಿಯಲ್ಲಿ ಊಟ ಆಯ್ತಾ ಎಂದಷ್ಟೇ ಕೇಳಿದ. ಅಳುತ್ತಿದ್ದಾನೆ ಎಂದು ಗೊತ್ತಾಯಿತು, ಗೊತ್ತಾಗದವಳಂತೆ ಇದ್ದೆ.

ಸೋಮವಾರ ಪ್ರೊಫೆಸರ್ ಫೋನ್ ಮಾಡಿದರು. ಬಹಳ ಖುಷಿಯಲ್ಲಿದ್ದರು. ಎರಡು ಸಮುದಾಯಗಳೂ ಹೆಚ್ಚುಕಡಿಮೆ ಸರಿಸಮ ಇವೆ, ಎರಡು ವರ್ಷದ ಕಾಂಟ್ರ್ಯಾಕ್ಟ್ ತಮ್ಮ ಮೇಜಿನ ಮೇಲೇ ಇದೆ, ಸಹಿ ಹಾಕುವುದೊಂದು ಬಾಕಿ ಎಂದರು. ಆಮೇಲೆ ಅವರ ದನಿ ಭಾರವಾಯಿತು.

"ಒಂದೇ ಒಂದು ಮನೆ ಇಂಡೋನೇಷ್ಯಾದವರ ಸರಾಸರಿಯನ್ನೇ ಕೆಳಗೆ ಎಳೀತಾ ಇದೆ. ನಲವತ್ತನೇ ನಂಬರ್," ಎಂದರು. ಗಂಡ ಬೇರೆ ಊರಿನಲ್ಲಿ. ಮನೆಯಲ್ಲಿ ಸೋಫಾ ಇಲ್ಲ, ಸೂಟ್‌ಕೇಸಿನ ಮೇಲೆ ಊಟ. ಫ್ರಿಜ್‌ನಲ್ಲಿ ಹುಳಿ ಬಂದ ಹಾಲು ಮತ್ತು ಏನೋ ಬಿಳಿ ಹಿಟ್ಟು ಮಾತ್ರ. ಇಷ್ಟನ್ನು ಓದಿ ಹೇಳಿ, ಕೊನೆಯಲ್ಲಿ ಷರಾ ಬರೆಯುವ ಜಾಗದಲ್ಲಿ ಒಂದು ಮಾತಿದೆ ಎಂದು ಅದನ್ನೂ ಓದಿದರು: ಒಳ್ಳೆಯ ಹುಡುಗಿ, ತನಗಿಲ್ಲದಿದ್ದರೂ ಹದಿನಾರು ಜನಕ್ಕೆ ಬಡಿಸುತ್ತಾಳೆ, ಯಾರಾದರೂ ನೋಡಿಕೊಳ್ಳಿ.

ಆ ಹಾಲು ನನ್ನ ಮೊಸರು, ಆ ಬಿಳಿ ಹಿಟ್ಟು ನನ್ನ ದೋಸೆ ಹಿಟ್ಟು. ಡಬ್ಬಿಯಲ್ಲಿ ನನ್ನ ಹೆಸರು ಕುಲುಕಿದ ದಿನವೇ ಇಬು ನನ್ನನ್ನು ಅವರ ಲೆಕ್ಕಕ್ಕೆ ಸೇರಿಸಿಕೊಂಡುಬಿಟ್ಟಿದ್ದರು. ಈಗ ನಿಜ ಹೇಳಿದರೆ ನಲವತ್ತು ಹೋಗಿ ಮೂವತ್ತೊಂಬತ್ತಾಗುತ್ತದೆ, ಮನೆಯೂ ಹೋಗುತ್ತದೆ. ಹೇಳದಿದ್ದರೆ ನಾನು ಇಂಡೋನೇಷ್ಯಾದವಳು ಎಂಬ ಸುಳ್ಳು ಪ್ರೊಫೆಸರರ ವರದಿಯಲ್ಲಿ ಕೂರುತ್ತದೆ.

ಪ್ರೊಫೆಸರ್ ಇನ್ನೂ ಮಾತಾಡುತ್ತಲೇ ಇದ್ದರು. ಆಕೆಯ ಕೆಲಸ ಮೂರೇ ತಿಂಗಳದ್ದಂತೆ, ಕೊಡುವ ಸಂಬಳ ನೋಡಿ ತಮಗೆ ನಾಚಿಕೆಯಾಯಿತಂತೆ. "ಇಷ್ಟು ಕಡಿಮೆಗೆ ದುಡಿಸಿಕೊಳ್ಳೋ ಆ ಎಂಪ್ಲಾಯರ್ ಯಾರು ಅಂತ ನೀವು ಪತ್ತೆ ಮಾಡ್ಲೇಬೇಕು. ನಾನೇ ಅವರ ಹತ್ರ ಮಾತಾಡ್ತೀನಿ," ಎಂದರು.

ನಾನು ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ. "ಪತ್ತೆ ಆಗಿದೆ ಸರ್. ಈಗ ಅವರ ಹತ್ರಾನೇ ಮಾತಾಡ್ತಾ ಇದ್ದೀನಿ."

ಆ ಕಡೆ ಕುರ್ಚಿ ಸರಿದದ್ದು ಕೇಳಿಸಿತು. ಕಾಗದ ತೆಗೆದದ್ದು ಕೇಳಿಸಿತು. ನಲವತ್ತನೇ ಫಾರಂ ತೆಗೆದುಬಿಡೋಣ, ಜಕಾರ್ತಾದಿಂದ ಆಕೆ ಬರುವವರೆಗೆ ಒಂದು ವಾರ ಕಾಯೋಣ ಎಂದರು. ಕೊನೆಗೆ ಮೆಲ್ಲಗೆ ಕೇಳಿದರು:

"ಎರಡು ವರ್ಷ ಅಂತ ಬರೆಸಿದ್ದೆ. ಮೂರು ಮಾಡ್ಲಾ?"