ಆರನೆಯ ಮೊಟ್ಟೆಯ ಬಾಣಂತನ

ಮಾಸೂರಿನ ಟೇಲರ್ ಗುತ್ತೆಪ್ಪನಿಗೆ ಆವತ್ತು ಬೆಳಗ್ಗೆಯೇ ಬದುಕು ಸಾಕಾಗಿತ್ತು. ಕಾರಣ, ಒಂದು ಬಾತುಕೋಳಿಯ ಮೊಟ್ಟೆ. ಹೆಂಡತಿ ಮಂಜವ್ವ ಆರು ಬಾತುಮೊಟ್ಟೆ ತಂದು ಮನೆಯ ಕೋಳಿಯ ಕೆಳಗೆ ಕಾವಿಗೆ ಇಟ್ಟಿದ್ದಳು. ಐದು ಮರಿ ಹಿಂದಿನ ದಿನವೇ ಹೊರಬಂದವು; ಕೋಳಿ ಅವನ್ನು ಕರೆದುಕೊಂಡು ಹಿತ್ತಲಿಗೆ ನಡೆದೇಬಿಟ್ಟಿತು. ಆರನೆಯದು ಮಾತ್ರ ಚಿಪ್ಪಿಗೆ ಒಂದು ತೂತು ಕೊರೆದು, ಕೊಕ್ಕಿನ ತುದಿ ತೋರಿಸಿ, ಅಷ್ಟಕ್ಕೇ ನಿಂತಿತ್ತು (ಅರ್ಧಕ್ಕೆ ನಿಲ್ಲುವುದರಲ್ಲಿ ಗುತ್ತೆಪ್ಪನ ಅಂಗಡಿಯ ಬ್ಲೌಸುಗಳನ್ನೂ ಮೀರಿಸಿತ್ತು).

ಮಂಜವ್ವ ಬುಟ್ಟಿಯಲ್ಲಿ ಅರಿವೆ ಹಾಸಿ, ಮೊಟ್ಟೆಯನ್ನು ಬಲ್ಬಿನ ಕೆಳಗಿಟ್ಟು, ಬಸುರಿ ತಂಗಿಯ ಕುಬಸದ ಸೀಮಂತಕ್ಕೆ ಹಂಸಭಾವಿಗೆ ಹೊರಟಳು.

"ಮುಟ್ಟಬ್ಯಾಡ್ರಿ. ಇಡೀ ದಿನ ಹಿಡದರೂ ಹಿಡೀತೈತಿ. ತಾನ ಒಡಕೊಂಡು ಬರ್ತೈತಿ."

"ನಾ ಯಾಕ ಮುಟ್ಟಲಿ?" ಎಂದ ಗುತ್ತೆಪ್ಪ.

ಹನ್ನೊಂದು ಗಂಟೆಯವರೆಗೆ ಮುಟ್ಟಲಿಲ್ಲ. ಆದರೆ ಒಳಗಿನ 'ಚೀಂವ್' ಸಣ್ಣಗಾಗುತ್ತ ಬಂದಂತೆ ಅವನ ಜೀವ ಹಿಡಿಯಷ್ಟಾಯಿತು. ಬಿಗಿಯಾದದ್ದು ಕಂಡರೆ ಬಿಚ್ಚಿ ಸಡಿಲ ಮಾಡುವುದು ಮೂವತ್ತು ವರ್ಷದ ವೃತ್ತಿಧರ್ಮ. ಸಣ್ಣ ಕತ್ತರಿಯಿಂದ ತೂತಿನ ಅಂಚನ್ನು ಒಂಚೂರು ಎಬ್ಬಿಸಿದ. ಇನ್ನೊಂಚೂರು. ಒಳಗಿನ ತೆಳುಪೊರೆ ಹರಿದು ಕೆಂಪು ಹನಿಯೊಂದು ಮೂಡಿತು.

ಗುತ್ತೆಪ್ಪ ಹೌಹಾರಿದ. ಲೋಕಕ್ಕೆ ಇಣುಕಿದ್ದ ಜೀವವನ್ನು ಕೈಯಾರೆ ಕೊಂದೆನಲ್ಲ! ಹೆಂಡತಿಗೆ ಫೋನ್ ಹಚ್ಚಿದ. ಅತ್ತ ಹಾಡು, ಬಳೆಗಳ ಸದ್ದು.

"ಮುಟ್ಟಿದ್ರೇನು?" ಹಲೋ ಎನ್ನುವ ಮೊದಲೇ ಮಂಜವ್ವ ಕೇಳಿದಳು.

"ಬರೇ ಸಣ್ಣ ಕತ್ತರೀಲೆ... ರಗತ ಬಂತು. ಸಾಯಾಕತ್ತೈತಿ, ಮಂಜವ್ವ."

"ಅಯ್ಯ ನಿಮ್ಮ! ಅದರ ರಗತ ಇನ್ನೂ ಪೊರಿಯೊಳಗ ಇರ್ತೈತ್ರಿ. ಅದನ್ನ ಮೈಗೆ ಎಳಕೊಳ್ಳೂತನಕ ಸುಮ್ಮನ ಮಲಗಿರ್ತೈತಿ. ಮೊದಲು ಕತ್ತರಿ ಇಡ್ರಿ! ಬೆಚ್ಚನ ನೀರಾಗ ಅರಿವಿ ತೋಯಿಸಿ ಹಿಂಡಿ, ತೂತು ಬಿಟ್ಟು ಸುತ್ತ ಹೊಚ್ರಿ. ಫೋನು ಬಾಜೂಕ ಇಡ್ರಿ, ಅದರ ದನಿ ನಾ ಕೇಳ್ತೇನಿ."

ಸ್ಪೀಕರ್ ಹಾಕಿ ಇಟ್ಟ. ಮಂಜವ್ವ ಬೈಯತೊಡಗಿದಳು. ಗಂಡನ ಬುದ್ಧಿ, ಗಂಡನ ಕತ್ತರಿ, ಅವನ ಕೈಹಿಡಿದ ಆ ದುರ್ಮುಹೂರ್ತ, ಒಂದನ್ನೂ ಬಿಡಲಿಲ್ಲ. ಕುಬಸಕ್ಕೆ ಬಂದ ಹೆಂಗಸರೂ ನಡುನಡುವೆ ಕೈಲಾದಷ್ಟು ಸೇರಿಸಿದರು. ಆಗ ಬುಟ್ಟಿಯಿಂದ 'ಚೀಂವ್' ಎಂದಿತು! ಅವಳು ಉಸಿರೆಳೆಯಲು ನಿಂತರೆ ಅದೂ ನಿಲ್ಲುತ್ತಿತ್ತು.

"ಬೈ, ಬೈ, ನಿಲ್ಲಿಸಬ್ಯಾಡ!" ಗುತ್ತೆಪ್ಪ ಅಂಗಲಾಚಿದ. (ಗಂಡನೊಬ್ಬ ಕೈಮುಗಿದು ಬೈಸಿಕೊಂಡದ್ದು ಹಿರೇಕೆರೂರು ತಾಲೂಕಿನಲ್ಲಿ ಅದೇ ಮೊದಲಿರಬೇಕು.)

ನಾಲ್ಕರ ಹೊತ್ತಿಗೆ ಚಿಪ್ಪು ಸುತ್ತಲೂ ಬಿರಿದು, ಒದ್ದೆಮುದ್ದೆ ಮರಿ ಹೊರಗುರುಳಿತು. ಗುತ್ತೆಪ್ಪ ಅತ್ತೇಬಿಟ್ಟ.

ಮಂಜವ್ವ ಬಸ್ಸಿಳಿದು ಬರುವಷ್ಟರಲ್ಲಿ ಮೈ ಒಣಗಿದ ಮರಿಯನ್ನು ಅವನು ನೆಲಕ್ಕೆ ಬಿಟ್ಟಿದ್ದ. "ಎಲ್ಲೈತ್ರಿ ಅದು?" ಹೊಸ್ತಿಲಲ್ಲಿ ಆ ದನಿ ಕೇಳಿದ್ದೇ ತಡ, ಮರಿ ಬಿದ್ದು, ಎದ್ದು, ಓಡಿ ಅವಳ ಪಾದಕ್ಕೆ ಒರಗಿತು.

"ಇಡೀ ದಿನ ಕಾಯ್ದಾವ ನಾ ಅಲ್ಲೇನು!" ಗುತ್ತೆಪ್ಪ ಚೀರಿದ. ಮರಿ ಗಾಬರಿಯಾಗಿ ಸೀರೆಯ ನೆರಿಗೆಯೊಳಗೆ ನುಗ್ಗಿತು.

"ಮೆತ್ತಗ ಮಾತಾಡ್ರಿ. ಅಂಜತೈತಿ."

ಮರುದಿನ ಚಹಾ ಚೆಲ್ಲಿದ್ದಕ್ಕೆ ಮಂಜವ್ವ ಬೈದಳು. ಅವಳ ಕಾಲಬುಡದಿಂದ 'ಚೀಂವ್' ಎಂದು ಒತ್ತಾಸೆ ಬಂತು. ಗುತ್ತೆಪ್ಪ ಲೋಟ ಕೆಳಗಿಟ್ಟು, ಇಬ್ಬರಿಗೂ ಸೇರಿಸಿ "ತಪ್ಪಾತು" ಎಂದ.